ತಮ್ಮನ ಫೋನ್ ಕಿತ್ತಿಟ್ಟರೆ ಸರಿ ಹೋಗ್ತಾನಾ? ಮಂಗಳೂರು, ಉಡುಪಿ ಕಡೆಯವರು ಸ್ವಲ್ಪ ಹೇಳಿ

ಸುರತ್ಕಲ್ ಅಕ್ಕ (ಶನಿವಾರ, ರಾತ್ರಿ 10.50)

ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ಇಪ್ಪತ್ತೊಂದು ವರ್ಷ, ಇಂಜಿನಿಯರಿಂಗ್ ಮೂರನೇ ವರ್ಷ. ಅಪ್ಪ ಮಸ್ಕತ್‌ನಲ್ಲಿದ್ದಾರೆ. ಮನೆಯಲ್ಲಿ ಅಮ್ಮ, ಅಜ್ಜಿ, ಅವನು. ನನ್ನ ಗಂಡನ ಮನೆ ಹತ್ತಿರವೇ, ಆಗಾಗ ಹೋಗಿ ಬರುತ್ತೇನೆ.

ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಫೋನ್ ಕೊಡಿಸಿದ್ದು. ಗೇಮ್ ಶುರುವಾದದ್ದು ಆಗಲೇ. ಹುಡುಗ ಮನೆಯೊಳಗೇ ಇದ್ದಾನಲ್ಲ ಅಂತ ಯಾರೂ ಅಷ್ಟು ಮಂಡೆಬಿಸಿ ಮಾಡಿಕೊಳ್ಳಲಿಲ್ಲ. ಈಗ ರಾತ್ರಿ ಮೂರರವರೆಗೆ ಎಚ್ಚರ ಇರುತ್ತಾನೆ. ಬೆಳಿಗ್ಗೆ ಏಳುವುದಿಲ್ಲ. ಹಾಜರಿ ಕಡಿಮೆ ಅಂತ ಕಾಲೇಜಿನಿಂದ ಪತ್ರ ಬಂದಿದೆ. ಅಮ್ಮ ಚಾ ಹಿಡಿದುಕೊಂಡು ಕೋಣೆಗೆ ಹೋದರೆ ಫೋನನ್ನು ತಟ್ಟನೆ ಮಗುಚಿ ಹಾಕುತ್ತಾನೆ. ಮೊದಲು ಗೇಮ್ ಆಡುವಾಗ ಹೀಗೆ ಮುಚ್ಚಿಡುತ್ತಿರಲಿಲ್ಲ, ಯಾರು ಬಂದರೂ ತಲೆ ಎತ್ತದೆ ಆಡುತ್ತಿದ್ದ ಅಷ್ಟೇ. ಈಗ ಊಟಕ್ಕೆ ಕರೆದರೂ ಸಿಡುಕು.

ನಿನ್ನೆ ಕಪಾಟಿನಲ್ಲಿ ಅಮ್ಮನ ಒಂದು ಜೊತೆ ಬಳೆ ಇರಲಿಲ್ಲ. ಅವನನ್ನು ಇನ್ನೂ ಕೇಳಿಲ್ಲ. ಕೇಳಲು ಅಮ್ಮನಿಗೆ ಹೆದರಿಕೆ.

ದೊಡ್ಡಮ್ಮ ಫೋನ್ ಕಿತ್ತಿಡಿ ಅನ್ನುತ್ತಾರೆ. ಮಾವ ಹೇಳುವುದು, ಓದು ಬಿಡಿಸಿ ಗಲ್ಫಿಗೆ ಕಳಿಸಿ, ಅಲ್ಲಿ ದುಡಿದರೆ ಬುದ್ಧಿ ಬರುತ್ತದೆ ಅಂತ. ಅಜ್ಜಿ ಹರಕೆ ಹೊತ್ತಿದ್ದಾರೆ, ಅದು ಅವರ ನಂಬಿಕೆ, ಇರಲಿ. ನಾನು ಎಂತ ಮಾಡಬೇಕು? ಇದೇ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬ್ರಹ್ಮಾವರ ಅಮ್ಮ (ಶನಿವಾರ, ರಾತ್ರಿ 11.15)

ನನ್ನ ಮಗ ಎಂಟನೇ ಕ್ಲಾಸು. ಫೋನ್ ನನ್ನ ಹತ್ತಿರವೇ ಇಟ್ಟುಕೊಂಡೆ. ಎರಡು ದಿನ ಅತ್ತ, ಸಿಟ್ಟು ಮಾಡಿದ, ಆಮೇಲೆ ಸೈಕಲ್ ಹಿಡಿದ. ಗಟ್ಟಿ ನಿಂತರೆ ಆಗುತ್ತದೆ ಅಕ್ಕ. ನಾವು ಕರಗಿದರೆ ಅವರು ಮೇಲೇರುತ್ತಾರೆ.

ಮಣಿಪಾಲ ಮೇಡಂ (ಭಾನುವಾರ, ಬೆಳಿಗ್ಗೆ 7.20)

ಸುರತ್ಕಲ್ ಅಕ್ಕ, ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಇಂಥ ಮನೆಯವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ಬ್ರಹ್ಮಾವರದವರು ಮಾಡಿದ್ದು ಹದಿಮೂರು ವರ್ಷದ ಮಗುವಿಗೆ ಸರಿಯೇ. ಆ ವಯಸ್ಸಿನಲ್ಲಿ ಫೋನಿನ ಲಗಾಮು ದೊಡ್ಡವರ ಕೈಯಲ್ಲೇ ಇರಬೇಕು. ಇಪ್ಪತ್ತೊಂದರ ಹುಡುಗನಿಂದ ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ಆಡುತ್ತಾನೆ, ಇಲ್ಲವಾದರೆ ಹಳೇ ಫೋನ್ ಒಂದು ತರುತ್ತಾನೆ. ನಿಮ್ಮ ಜೊತೆ ಮಾತು ಬಿಡುತ್ತಾನೆ. ಆಮೇಲೆ ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯಲು ನಿಮಗೆ ಯಾವ ದಾರಿಯೂ ಉಳಿಯುವುದಿಲ್ಲ.

ಎಷ್ಟು ಗಂಟೆ ಫೋನ್ ಹಿಡಿದ ಅನ್ನುವುದರ ಮೇಲೆ ಕಾಯಿಲೆ ಹೌದೋ ಅಲ್ಲವೋ ಅಂತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಗೇಮಿಂಗ್ ವ್ಯಸನವನ್ನು ಸೇರಿಸಿದೆ. 2019ರ ಮೇ ತಿಂಗಳಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು. ಜೂಜಿನ ವ್ಯಸನವೂ ಅದೇ ಗುಂಪಿನಲ್ಲಿದೆ. ಅಲ್ಲಿ ನೋಡುವುದು ಮುಖ್ಯವಾಗಿ ಮೂರು ವಿಷಯ. ಶುರು ಮಾಡುವುದು, ನಿಲ್ಲಿಸುವುದು ತನ್ನ ಹಿಡಿತದಲ್ಲಿ ಇಲ್ಲದಿರುವುದು. ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಅದೇ ಮುಂದೆ ಬಂದು ಕೂರುವುದು. ನಷ್ಟ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳು ಕಂಡಿರಬೇಕು. ತುಂಬಾ ತೀವ್ರವಾಗಿದ್ದರೆ ಅಷ್ಟು ಕಾಯುವುದಿಲ್ಲ. ರೀಲ್ಸ್, ಸೋಶಿಯಲ್ ಮೀಡಿಯಾ ಆ ಪಟ್ಟಿಯಲ್ಲಿ ಬೇರೆ ಕಾಯಿಲೆಯಾಗಿ ಇಲ್ಲ. ಹಾಗಂತ ಅದರಿಂದ ಸಂಕಟ ಪಡುವವರಿಗೆ ನಾವು ಸಹಾಯ ಮಾಡದೆ ಇರುವುದಿಲ್ಲ.

ನೀವು ಬರೆದದ್ದರಲ್ಲಿ ಫೋನ್ ಮಗುಚಿ ಹಾಕುವುದು ಮತ್ತು ಬಳೆ, ಇವೆರಡು ನನಗೆ ಚುಚ್ಚಿದವು. ಗೇಮ್‌ಗೆ ಸಾಮಾನ್ಯವಾಗಿ ಬಳೆ ಬೇಕಾಗುವುದಿಲ್ಲ. ಹಣ ಕಟ್ಟಿ ಆಡುವುದಕ್ಕೆ ಬೇಕಾಗುತ್ತದೆ. ಹಾಗೇ ಆಗಿದೆ ಅಂತ ಹೇಳುತ್ತಿಲ್ಲ. ಆದರೆ ಮೊದಲು ತಿಳಿಯಬೇಕಾದ್ದು ಅದು.

ಕೇಳುವಾಗ ನೀವೊಬ್ಬರೇ ಕೇಳಿ. ಅಮ್ಮ, ಮಾವ, ದೊಡ್ಡಮ್ಮ ಎಲ್ಲ ಸುತ್ತ ಕೂರುವುದು ಬೇಡ. "ಬಳೆ ಎಲ್ಲಿ?" ಅಂತ ಶುರು ಮಾಡಬೇಡಿ. "ನಿನಗೆ ನಿದ್ದೆ ಬರುತ್ತಿಲ್ಲ ಅಂತ ಕಾಣುತ್ತದೆ, ದುಡ್ಡಿನ ವಿಷಯದಲ್ಲಿ ಸಿಕ್ಕಿಬಿದ್ದಿದ್ದೀಯಾ?" ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವನು ಬಾಯಿ ಬಿಡಲು ಹೊತ್ತು ಹಿಡಿಯುತ್ತದೆ.

"ಸಾಯಬೇಕು ಅನಿಸುತ್ತದೆ" ಅನ್ನುವ ಅರ್ಥದ ಮಾತು ಬಂದರೆ ಅದನ್ನು ಹಗುರ ಮಾಡಬೇಡಿ, ಒಬ್ಬನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ ಯಾವ ಹೊತ್ತಿಗೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೂಜಿನಲ್ಲಿ ಸೋತವರಲ್ಲಿ ಈ ಅಪಾಯ ಜಾಸ್ತಿ, ಅದಕ್ಕೇ ಮೊದಲೇ ಹೇಳಿದೆ.

ಕಾರ್ಕಳದ ಮೇಷ್ಟ್ರು (ಭಾನುವಾರ, ಬೆಳಿಗ್ಗೆ 9.05)

ನಮ್ಮ ಜಿಲ್ಲೆಗೆ ಜೂಜು ಹೊಸತಲ್ಲ. ಕೋಳಿ ಅಂಕ, ಮಟ್ಕಾ, ಅಂದರ್ ಬಾಹರ್, ಇಸ್ಪೀಟ್ ಕ್ಲಬ್ಬು ಎಲ್ಲ ನೋಡಿದ್ದೇನೆ. ಗದ್ದೆ ಮಾರಿದವರನ್ನೂ ನೋಡಿದ್ದೇನೆ. ಆದರೆ ಕೋಳಿ ಅಂಕಕ್ಕೆ ಒಂದು ಜಾಗ ಇತ್ತು, ಒಂದು ದಿನ ಇತ್ತು, ಕತ್ತಲಾದರೆ ಮುಗಿಯುತ್ತಿತ್ತು. ಕಿಸೆ ಖಾಲಿಯಾದರೆ ಮನೆಗೆ ಬರಬೇಕು. ಅಲ್ಲಿ ನಿಂತದ್ದನ್ನು ಊರಿನ ನಾಲ್ಕು ಜನ ನೋಡುತ್ತಿದ್ದರು, ಸಂಜೆಗೆ ಅಪ್ಪನ ಕಿವಿಗೆ ಬೀಳುತ್ತಿತ್ತು. ಅದೇ ಅಂಕ ಈಗ ಹುಡುಗನ ಹಾಸಿಗೆಯೊಳಗೆ ಬಂದಿದೆ. ಕತ್ತಲಾಗುವುದೇ ಇಲ್ಲ. ನೋಡುವವರು ಯಾರೂ ಇಲ್ಲ. ಕಿಸೆ ಖಾಲಿಯಾದರೆ ಸಾಲ ಕೊಡುವ ಆ್ಯಪ್ ಕೂಡ ಅದೇ ಫೋನಿನಲ್ಲಿ.

ಹಾಗಾಗಿ ಹುಡುಗರಿಗೆ ಮನೋಬಲ ಇಲ್ಲ ಅಂತ ಬಯ್ಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಪ್ರಾಯದಲ್ಲಿ ಹೀಗೆ ಕೈಗೆ ಸಿಕ್ಕಿದ್ದರೆ ನಮ್ಮಲ್ಲೂ ತುಂಬಾ ಜನ ಮುಳುಗುತ್ತಿದ್ದರು.

ತೊಕ್ಕೊಟ್ಟಿನವ (ಭಾನುವಾರ, ಮಧ್ಯಾಹ್ನ 1.40)

ಅಕ್ಕ, ನಾನು ಆ ಕಡೆಯಿಂದ ಬಂದವನು. ಕ್ರಿಕೆಟ್ ಬೆಟ್ಟಿಂಗ್. ಈಗ ಬಿಟ್ಟಿದ್ದೇನೆ, ಚಿಕಿತ್ಸೆ ನಡೆಯುತ್ತಿದೆ. ನಿಮ್ಮ ತಮ್ಮನದು ಇದೇ ಆಗಿದ್ದರೆ ಒಳಗೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿರಲಿ.

ವಾಟ್ಸಾಪ್‌ನಲ್ಲಿ ಒಬ್ಬ ಬೆಟ್ಟಿಂಗ್ ಸೈಟಿನ ಐಡಿ ಕೊಡುತ್ತಾನೆ. ಐನೂರು ಹಾಕಿದರೆ ಬೋನಸ್ ಅಂತ ಇನ್ನಷ್ಟು ತೋರಿಸುತ್ತಾನೆ. ಮೊದಲ ಸಲ ಗೆದ್ದದ್ದು ಐದೇ ನಿಮಿಷದಲ್ಲಿ ಖಾತೆಗೆ ಬರುತ್ತದೆ. ಇಡೀ ಆಟದಲ್ಲಿ ಹುಡುಗನನ್ನು ಹಿಡಿಯುವುದು ಆ ಐದು ನಿಮಿಷ. ನಂಬಿಕೆ ಹುಟ್ಟುವುದು ಅಲ್ಲಿ. ಆಮೇಲೆ ಓವರಿಗೊಂದು, ಬಾಲಿಗೊಂದು ಬೆಟ್. ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೂರು ಗಂಟೆ ಕಾಯುವುದಿಲ್ಲ, ಇಪ್ಪತ್ತು ಸೆಕೆಂಡಿಗೊಮ್ಮೆ ಸೋಲು ಅಥವಾ ಗೆಲುವು. ಐಪಿಎಲ್ ಮುಗಿದರೆ ಯಾವುದೋ ದೇಶದ ಟಿ-ಟೆನ್. ಅದೂ ಇಲ್ಲದಿದ್ದರೆ ಬಣ್ಣ ಊಹಿಸುವ ಆಟ, ವಿಮಾನ ಹಾರುವ ಆಟ. ಆ ಹೊತ್ತಿಗೆ ಕ್ರಿಕೆಟ್ ಮರೆತೇ ಹೋಗಿರುತ್ತದೆ.

ಸೋತದ್ದನ್ನು ಇವತ್ತೇ ವಾಪಸ್ ತರಬೇಕು ಅನ್ನುವ ಹಟ ಬರುತ್ತದಲ್ಲ, ಬಳೆ ಹೋಗುವುದು ಆ ಹಟಕ್ಕೆ. ನಾಡಿದ್ದು ಗೆದ್ದು ಬಿಡಿಸಿ ತಂದು ಅದೇ ಜಾಗದಲ್ಲಿ ಇಡುತ್ತೇನೆ ಅಂತ ಆ ಕ್ಷಣದಲ್ಲಿ ನಿಜವಾಗಿ ನಂಬಿರುತ್ತಾನೆ. ಹಾಗಾಗಿ ಅವನನ್ನು ಕಳ್ಳ ಅಂತ ಕರೆಯಬೇಡಿ. ಆದರೆ ದಯವಿಟ್ಟು ಇನ್ನೊಂದು ಮಾಡಬೇಡಿ. ಅವನ ಸಾಲವನ್ನು ಒಂದೇ ಏಟಿಗೆ ತೀರಿಸಿ ಕೈ ತೊಳೆದುಕೊಳ್ಳಬೇಡಿ. ಸಾಲ ತೀರಿದ ದಿನ ತಲೆಯಲ್ಲಿ ಏಳುವ ಮೊದಲ ಯೋಚನೆ, ಈಗ ಹೊಸದಾಗಿ ಶುರು ಮಾಡಬಹುದು ಅಂತ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಪಾಸು ಮಾಡಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಅಂತ ಅದರಲ್ಲಿದೆ. ಜಾಹೀರಾತು ಮಾಡುವವರಿಗೂ, ಹಣ ಸಾಗಿಸುವವರಿಗೂ ಶಿಕ್ಷೆ ಉಂಟು. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ಇದನ್ನು ಅವನಿಗೆ ಹೇಳಿ. ಪೊಲೀಸ್ ಹಿಡಿಯುತ್ತಾರೆ ಅನ್ನುವ ಹೆದರಿಕೆಗೇ ಎಷ್ಟೋ ಹುಡುಗರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಕದ್ದು ನಡೆಯುವ ಲಿಂಕ್‌ಗಳು ನಿಂತಿಲ್ಲ. ಅವು ಬೇರೆಯವರ ಬ್ಯಾಂಕ್ ಖಾತೆಗೆ ದುಡ್ಡು ಹಾಕಿಸಿಕೊಳ್ಳುತ್ತವೆ. ಯಾರಾದರೂ "ನಿನ್ನ ಖಾತೆ ಕೊಡು, ಕಮಿಷನ್ ಕೊಡುತ್ತೇನೆ" ಅಂದಿದ್ದಾರಾ ಅಂತ ಅವನನ್ನು ಕೇಳಿ. ಅದಕ್ಕೆ ಹೂಂ ಅಂದರೆ ಖಾತೆ ಫ್ರೀಜ್ ಆಗಿ ಪೊಲೀಸ್ ಕೇಸಿನವರೆಗೂ ಹೋಗುತ್ತದೆ.

ಸುರತ್ಕಲ್ ಅಕ್ಕ (ಸೋಮವಾರ, ರಾತ್ರಿ 11.30)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹೇಳಿದ ಹಾಗೆ ಕೇಳಿದೆ. ಮನೆಯೊಳಗೆ ಅಲ್ಲ, ಬೀಚ್ ಕಡೆ ಕರೆದುಕೊಂಡು ಹೋಗಿ ಲೈಟ್ ಹೌಸ್ ಹತ್ತಿರ ಕೂತು ಕೇಳಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅತ್ತ. ಬಣ್ಣದ ಆಟ. ಬಳೆ ಅಡವಿಟ್ಟಿದ್ದಾನೆ, ಮಾರಿಲ್ಲ. ಎರಡು ಲೋನ್ ಆ್ಯಪ್‌ನಿಂದ ಸಾಲ ತೆಗೆದಿದ್ದಾನೆ. ಒಂದನ್ನು ತೀರಿಸಲು ಇನ್ನೊಂದು. ಅದರವರು ಫೋನ್ ಮಾಡಿ ಫೋಟೋ ಎಲ್ಲರಿಗೂ ಕಳಿಸುತ್ತೇವೆ ಅನ್ನುತ್ತಿದ್ದಾರಂತೆ. ರಾತ್ರಿ ಎಚ್ಚರ ಇರುತ್ತಿದ್ದದ್ದು ಆಟಕ್ಕೆ ಮಾತ್ರ ಅಲ್ಲ, ಆ ಹೆದರಿಕೆಗೂ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರ ಕೇಳಿದೆ. ಒಂದು ಸಲ ಬಂದಿತ್ತು, ಈಗ ಇಲ್ಲ ಅಂದ. ಇವತ್ತು ರಾತ್ರಿ ನಾನು ಇಲ್ಲೇ ಇದ್ದೇನೆ. 14416ಕ್ಕೆ ನಾವಿಬ್ಬರೂ ಒಟ್ಟಿಗೆ ಮಾತಾಡಿದೆವು. ನಾಳೆಗೇ ಮನೋವೈದ್ಯರನ್ನು ಕಾಣಿ ಅಂದರು. ಈಗ ದುಡ್ಡಿನ ವಿಷಯ ಹೇಗೆ?

ಉಡುಪಿ ಬ್ಯಾಂಕ್ ಅಕ್ಕ (ಮಂಗಳವಾರ, ಬೆಳಿಗ್ಗೆ 6.45)

ದುಡ್ಡಿನದು ನಾನು ಹೇಳುತ್ತೇನೆ, ಅದು ನನ್ನ ಕೆಲಸ.

ಒಂದು ಕಾಗದ ತೆಗೆದುಕೊಂಡು ಯಾರಿಗೆ ಎಷ್ಟು ಅಂತ ಅವನ ಕೈಯಲ್ಲೇ ಬರೆಸಿ. ಗೆಳೆಯರಿಂದ ತಂದ ಐನೂರು, ಸಾವಿರವೂ ಅದರಲ್ಲಿ ಬರಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಅದರ ಜೊತೆ ಹೋಲಿಸಿ ನೋಡಿ, ಮರೆತದ್ದು ಹೊರಬರುತ್ತದೆ. ಬಳೆಯ ಅಡವು ಚೀಟಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಡ್ಡಿ ಕಟ್ಟಿ ಮುಂದುವರಿಸಬಹುದು, ಗಡಿಬಿಡಿ ಬೇಡ. ನೋಟಿಸ್ ಕೊಡದೆ ಒಡವೆ ಹರಾಜು ಹಾಕುವ ಹಾಗಿಲ್ಲ.

ಲೋನ್ ಆ್ಯಪ್ ವಿಷಯದಲ್ಲಿ ಮೊದಲು ನೋಡಬೇಕಾದ್ದು ಅದರ ಹಿಂದೆ ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಕಂಪನಿ ಉಂಟಾ ಅಂತ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅವು ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ ಮುಟ್ಟುವ ಹಾಗಿಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕಿಂತ ಮೊದಲು, ರಾತ್ರಿ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಫೋಟೋ ಕಳಿಸುತ್ತೇವೆ ಅನ್ನುವುದು ಬೆದರಿಕೆ, ಅದು ಅಪರಾಧ. ಮೆಸೇಜ್, ಕಾಲ್ ಎಲ್ಲ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಪೊಲೀಸರಿಗೂ ದೂರು ಕೊಡಿ. ಅವರು ಕಳಿಸುವ ಮೊದಲೇ ಹತ್ತಿರದ ನೆಂಟರಿಗೆ ನೀವೇ "ಇಂಥ ಮೆಸೇಜ್ ಬಂದರೆ ನಂಬಬೇಡಿ" ಅಂತ ಹೇಳಿಬಿಡಿ. ಬೆದರಿಕೆಗೆ ಇರುವ ಬಲ ಅರ್ಧ ಅಲ್ಲೇ ಹೋಗುತ್ತದೆ.

ಅವನು ಒಪ್ಪಿದರೆ ಕೆಲವು ತಿಂಗಳು ಖಾತೆಯ ಯುಪಿಐ ತೆಗೆಸಿ. ಬಸ್ಸಿಗೆ, ಕ್ಯಾಂಟೀನಿಗೆ ಕೈಯಲ್ಲಿ ನೋಟು ಕೊಡಿ. ಶಿಕ್ಷೆ ಅಂತ ಅಲ್ಲ, ಬೆರಳು ಒತ್ತಿದ ತಕ್ಷಣ ದುಡ್ಡು ಹೋಗುವ ದಾರಿ ಮುಚ್ಚಬೇಕು ಅಂತ. ಅಪ್ಪ ಕಳಿಸುವ ದುಡ್ಡು ಅಮ್ಮನ ಖಾತೆಗೇ ಬರಲಿ, ಅದರ ಓಟಿಪಿ ಅವನ ಫೋನಿಗೆ ಬರುತ್ತಿದ್ದರೆ ಇವತ್ತೇ ನಂಬರ್ ಬದಲಿಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮನ ಬ್ಯಾಂಕ್ ಆ್ಯಪ್ ನೋಡಿಕೊಳ್ಳುವುದು ಮಗನೇ.

ಮಲ್ಪೆ ಬೋಟಿನವ (ಮಂಗಳವಾರ, ಮಧ್ಯಾಹ್ನ 3.10)

ಒಂದು ವಿಷಯ ಕೇಳಬೇಕು ಮೇಡಂ. ನಮ್ಮಲ್ಲಿ ಆಳಸಮುದ್ರಕ್ಕೆ ಹೋದರೆ ವಾರ ಕಳೆದು ಬರುವುದು. ದಡ ದೂರ ಆದ ಮೇಲೆ ನೆಟ್‌ವರ್ಕ್ ಇಲ್ಲ. ಅಷ್ಟು ದಿನ ಹುಡುಗರಿಗೆ ಫೋನಿನ ನೆನಪೇ ಇರುವುದಿಲ್ಲ. ಬಲೆ, ಮೀನು, ಊಟ, ನಿದ್ದೆ. ವಾಪಸ್ ಬರುವಾಗ ಸೈಂಟ್ ಮೇರೀಸ್ ದ್ವೀಪ ಕಾಣುವ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನ್. ಟವರ್ ಹಿಡಿಯಿತಾ, ಹಿಡಿಯಿತಾ ಅಂತ ಎತ್ತಿ ಎತ್ತಿ ನೋಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನವಂತೂ ಕೇಳಬೇಡಿ. ಕೆಲಸ ಇಲ್ಲ, ಮಳೆ, ಹೊರಗೆ ಹೋಗುವ ಹಾಗಿಲ್ಲ. ನಮ್ಮ ಬೋಟಿನ ಇಬ್ಬರು ಇಡೀ ಸೀಸನ್ ದುಡಿದದ್ದನ್ನು ಆ ಎರಡು ತಿಂಗಳಲ್ಲಿ ಕಳೆದುಕೊಂಡರು. ಕಡಲಲ್ಲಿ ಇಲ್ಲದ ಚಟ ದಡಕ್ಕೆ ಬಂದ ಕೂಡಲೇ ಎಲ್ಲಿಂದ ಬರುತ್ತದೆ?

ಮಣಿಪಾಲ ಮೇಡಂ (ಮಂಗಳವಾರ, ರಾತ್ರಿ 9.00)

ಮಲ್ಪೆ ಅಣ್ಣ, ನೀವು ಕಂಡದ್ದು ತುಂಬಾ ಮುಖ್ಯ. ಆಸೆ ತಲೆಯಲ್ಲಿ ಒಂಟಿಯಾಗಿ ಕೂತಿರುವುದಿಲ್ಲ. ಜಾಗ, ಹೊತ್ತು, ಜೊತೆಗಾರರು, ಬೇಸರ, ಕಿಸೆಯಲ್ಲಿರುವ ದುಡ್ಡು, ಇವಕ್ಕೆ ಅಂಟಿಕೊಂಡಿರುತ್ತದೆ. ಕಡಲಲ್ಲಿ ಇದ್ಯಾವುದೂ ಇಲ್ಲ. ದ್ವೀಪ ಕಂಡದ್ದೇ ಮಿದುಳಿಗೆ ಸೂಚನೆ ಆಗುತ್ತದೆ. ಹಾಗಾಗಿ ಎಲ್ಲಾದರೂ ದೂರ ಕಳಿಸಿದರೆ ಸರಿ ಹೋಗುತ್ತಾನೆ ಅನ್ನುವುದು ಅರ್ಧ ಮಾತ್ರ ನಿಜ. ದೂರ ಇದ್ದಷ್ಟು ದಿನ ಸರಿ ಇರುತ್ತಾನೆ. ಮಾವ ಹೇಳಿದ ಗಲ್ಫ್ ವಿಷಯಕ್ಕೂ ಇದೇ ಉತ್ತರ. ಅಲ್ಲಿ ಒಂಟಿ ರೂಮು, ಕೈಯಲ್ಲಿ ಸಂಬಳ, ರಜೆ ದಿನ ಪೂರ್ತಿ ಫೋನ್.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಇಲ್ಲಿ ಎಲ್ಲರಿಗೂ ಗೊತ್ತು. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿ ಅಂತ ಕುಡಿತ ಬಿಟ್ಟವರು ಊರಲ್ಲಿ ಸೇರುತ್ತಾರಲ್ಲ, ನನ್ನ ಪ್ರಕಾರ ಕೆಲಸ ಮಾಡುವುದು ಅದು. ಮನೆಗೆ ಬಂದ ಮೇಲಿನ ದಿನಗಳಿಗೇ ಜೊತೆ ಬೇಕಾಗುವುದು.

ಗೆಲುವು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಬಿಡುವುದು ಇನ್ನೂ ಕಷ್ಟ. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಇದನ್ನು ನೋಡಿದ. ಕುಕ್ಕಿದ ಇಷ್ಟನೇ ಸಲಕ್ಕೆ ಕಾಳು ಅಂತ ಲೆಕ್ಕ ಇದ್ದರೆ ಹಕ್ಕಿ ನಡುವೆ ಸುಧಾರಿಸಿಕೊಳ್ಳುತ್ತದೆ. ಯಾವ ಸಲಕ್ಕೆ ಬೀಳುತ್ತದೋ ಗೊತ್ತಿಲ್ಲದಿದ್ದರೆ ಬಿಡದೆ ಕುಕ್ಕುತ್ತದೆ. ಬಣ್ಣದ ಆಟದಲ್ಲೂ ಇದೇ, ರೀಲ್ಸ್‌ನಲ್ಲೂ ಇದೇ. ಮುಂದಿನದು ಚೆನ್ನಾಗಿರಬಹುದು ಅಂತ ಬೆರಳು ಮೇಲೆ ಹೋಗುತ್ತದೆ. ಕೊನೆಯೇ ಇಲ್ಲದೆ ಉರುಳುವ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅದರಿಂದಾದ ಪರಿಣಾಮಕ್ಕೆ ಮುಂದೆ ತಾವೇ ಬಹಿರಂಗವಾಗಿ ವಿಷಾದ ಹೇಳಿದ್ದಾರೆ.

ನಮ್ಮಲ್ಲಿ ಮೊದಲ ವಾರಗಳಲ್ಲಿ ಒಂದು ಪುಸ್ತಕ ಕೊಡುತ್ತೇವೆ. ಆಡಿದರೂ ಬರೆಯಬೇಕು, ಆಡದಿದ್ದರೂ ಬರೆಯಬೇಕು. ಒಂದು ಸಾಲು ಹೀಗಿರಬಹುದು: "ರಾತ್ರಿ 11.40. ಹಾಸಿಗೆ. ಅಪ್ಪನ ವಿಡಿಯೋ ಕಾಲ್, ಮಾರ್ಕ್ಸ್ ಕೇಳಿದರು. ಎದೆ ಬಿಗಿ. ಆಡಿದೆ, 2.30ರವರೆಗೆ. ಆಮೇಲೆ ತಲೆನೋವು, ನಾಚಿಕೆ." ಇಂಥ ಸಾಲುಗಳು ಸೇರಿದಾಗ ಹುಡುಗನಿಗೇ ಕಾಣುತ್ತದೆ, ತಾನು ಓಡುತ್ತಿರುವುದು ಆಟದ ಕಡೆಗೆ ಅಲ್ಲ, ಮಾರ್ಕ್ಸ್ ಮಾತಿನಿಂದ ದೂರ ಅಂತ. ಆಗ ನಾವು ಮಾತಾಡಬೇಕಾದ್ದು ಫೋನಿನ ಬಗ್ಗೆ ಮಾತ್ರ ಅಲ್ಲ, ಆ ವಿಡಿಯೋ ಕಾಲ್ ಬಗ್ಗೆಯೂ.

ಆಸೆ ಎದ್ದಾಗ ಇಪ್ಪತ್ತು, ಮೂವತ್ತು ನಿಮಿಷ ತಡೆದರೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಏನು ಮಾಡುವುದು ಅಂತ ಮೊದಲೇ ತೀರ್ಮಾನ ಆಗಿರಬೇಕು. ಫೋನ್ ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಇಡುವುದು, ಮಲಗುವ ಕೋಣೆಗೆ ಮೂರು ಕಾಸಿನ ಅಲಾರಾಂ ಗಡಿಯಾರ ತರುವುದು. ಸಣ್ಣದು ಅನಿಸುತ್ತದೆ, ಆದರೆ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಹಾಸ್ಟೆಲ್ ಹುಡುಗ (ಮಂಗಳವಾರ, ರಾತ್ರಿ 11.55)

ಒಂದು ಮಾತು ಹೇಳಬೇಕು. ನಾನೂ ಗೇಮ್ ಆಡುತ್ತೇನೆ, ಜಾಸ್ತಿಯೇ ಆಡುತ್ತೇನೆ. ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ಬ್ಯಾನ್ ಆದಾಗ ನನಗೆ ಹೋದದ್ದು ಗೇಮ್ ಅಲ್ಲ, ನಾಲ್ಕು ಗೆಳೆಯರು. ಶಾಲೆ ಮುಚ್ಚಿತ್ತು, ನಾವು ಸೇರುತ್ತಿದ್ದ ಜಾಗ ಅದೊಂದೇ. ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಆಡುವವರೆಲ್ಲ ಕಾಯಿಲೆಯವರು ಅಂದರೆ ನಮಗೆ ನೋವಾಗುತ್ತದೆ. ಈಗಿನ ಕಾನೂನು ಕೂಡ ಇ-ಸ್ಪೋರ್ಟ್ಸ್ ಬೇರೆ, ಹಣದ ಆಟ ಬೇರೆ ಅಂತ ಇಟ್ಟಿದೆ ಅಲ್ವಾ? ತಮ್ಮನಿಗೆ ಹಣದ ಆಟ ಬಿಡಿಸಿ. ಆದರೆ ಒಟ್ಟಿಗೆ ಆಡುವ ಗೆಳೆಯರನ್ನೂ ಅದೇ ದಿನ ಕಿತ್ತುಕೊಳ್ಳಬೇಡಿ. ಆಮೇಲೆ ಅವನಿಗೆ ಯಾರೂ ಇರುವುದಿಲ್ಲ.

ಮಣಿಪಾಲ ಮೇಡಂ (ಬುಧವಾರ, ಬೆಳಿಗ್ಗೆ 7.05)

ತಮ್ಮಾ, ಒಪ್ಪುತ್ತೇನೆ. ಆಡುವವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇರುವುದಿಲ್ಲ. ಫೋನ್ ಅವನಿಗೆ ಏನು ಕೊಡುತ್ತಿದೆ ಅಂತ ಮೊದಲು ತಿಳಿಯಬೇಕು. ಆ ಜಾಗಕ್ಕೆ ಬೇರೆ ಏನನ್ನೂ ಇಡದೆ ಅದನ್ನು ತೆಗೆದರೆ ಖಾಲಿ ಸಂಜೆ ಉಳಿಯುತ್ತದೆ, ಖಾಲಿ ಸಂಜೆಯಲ್ಲಿ ಮತ್ತೆ ಅದೇ. ಆದರೆ ರಾತ್ರಿ 11.55ಕ್ಕೆ ಬರೆದಿದ್ದೀರಿ. ನಿದ್ದೆ ಬಿಡಬೇಡಿ.

ಪುತ್ತೂರಿನ ಅಪ್ಪ (ಬುಧವಾರ, ಬೆಳಿಗ್ಗೆ 10.30)

ಮಧ್ಯೆ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ಮಗಳಿಗೆ ಎರಡೂವರೆ ವರ್ಷ. ಫೋನಿನಲ್ಲಿ ಹಾಡು ಹಾಕದೆ ಒಂದು ತುತ್ತೂ ಬಾಯಿಗೆ ಹೋಗುವುದಿಲ್ಲ. ಇದೂ ಚಟವಾ?

ಮಣಿಪಾಲ ಮೇಡಂ (ಬುಧವಾರ, ರಾತ್ರಿ 8.40)

ಚಟ ಅನ್ನಬೇಡಿ ಸರ್, ಅಭ್ಯಾಸ. ಅದೂ ನಾವು ಹಾಕಿದ್ದು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟು ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟದ ಹೊತ್ತಿಗೆ ಫೋನ್ ಇದ್ದರೆ ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗುವುದಿಲ್ಲ. ಎಲ್ಲರೂ ಊಟಕ್ಕೆ ಕೂರುವಾಗ ಅವಳನ್ನೂ ಕೂರಿಸಿ, ಗಂಜಿಯಲ್ಲಿ ಅವಳೇ ಕೈ ಹಾಕಲಿ, ಚೆಲ್ಲಲಿ. ಕೆಲವು ದಿನ ಕಡಿಮೆ ತಿನ್ನುತ್ತಾಳೆ. ಅಜ್ಜಿಯಂದಿರಿಗೆ ಅದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ಫೋನ್ ವಾಪಸ್ ಬರುತ್ತದೆ.

ಇನ್ನೊಬ್ಬರು ಖಾಸಗಿಯಾಗಿ ಮೆಸೇಜ್ ಮಾಡಿ ಅಶ್ಲೀಲ ವಿಡಿಯೋ ಬಿಡಲು ಆಗುತ್ತಿಲ್ಲ, ಯಾರ ಹತ್ತಿರ ಹೇಳುವುದು ಅಂತ ಕೇಳಿದ್ದಾರೆ. ಹೆಸರಿಲ್ಲದೆ ಇಲ್ಲಿ ಉತ್ತರ ಕೊಡಲು ಒಪ್ಪಿದ್ದಾರೆ. ಹಿಡಿತ ತಪ್ಪಿದ ಲೈಂಗಿಕ ನಡವಳಿಕೆಗೂ ಮೊದಲು ಹೇಳಿದ ಆ ರೋಗಗಳ ಪಟ್ಟಿಯಲ್ಲಿ ಜಾಗ ಇದೆ, ಚಿಕಿತ್ಸೆ ಇದೆ. ಆದರೆ "ನಾನು ಕೆಟ್ಟವನು" ಅನ್ನುವ ಸಂಕಟ ಒಂದೇ ಇದ್ದರೆ ಅದನ್ನು ಕಾಯಿಲೆ ಅನ್ನುವುದಿಲ್ಲ. ವೈದ್ಯರ ಮುಂದೆ ಧೈರ್ಯವಾಗಿ ಹೇಳಿ. ಇಂಥದ್ದನ್ನು ನಾವು ದಿನಾ ಕೇಳುತ್ತೇವೆ, ಯಾರೂ ಮುಖ ಸಿಂಡರಿಸುವುದಿಲ್ಲ.

ಕಾರ್ಕಳದ ಮೇಷ್ಟ್ರು (ಗುರುವಾರ, ಬೆಳಿಗ್ಗೆ 8.15)

ಮೇಡಂ, ಎಲ್ಲಿಗೆ ಹೋಗಬೇಕು ಅಂತ ಒಂದು ಕಡೆ ಬರೆದರೆ ಉಪಕಾರ. ಮುಂದೆ ಓದುವವರಿಗೂ ಆಗುತ್ತದೆ.

ಮಣಿಪಾಲ ಮೇಡಂ (ಗುರುವಾರ, ರಾತ್ರಿ 9.30)

ಸರ್ಕಾರಿಯಲ್ಲಿ ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮಾನಸಿಕ ಆರೋಗ್ಯ, ವ್ಯಸನ ಚಿಕಿತ್ಸೆಗೇ ಹೆಸರಾದದ್ದು. ಮಣಿಪಾಲ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಎಲ್ಲ ಕಡೆ ಮನೋವೈದ್ಯಕೀಯ ವಿಭಾಗ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಅಂತಲೇ 2014ರಿಂದ "ಶಟ್" ಕ್ಲಿನಿಕ್ ಇದೆ. ಆದರೆ ಮೊದಲ ಭೇಟಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ವಾರ ವಾರ ಹೋಗಿ ಬರಲು ಆಗುವ ಜಾಗವೇ ಒಳ್ಳೆಯದು.

ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ. ಖಿನ್ನತೆ, ಆತಂಕ, ಗಮನ ನಿಲ್ಲದ ತೊಂದರೆ ಜೊತೆಗೆ ಇರುವುದು ಸಾಮಾನ್ಯ, ಅದಕ್ಕೆ ಔಷಧ ಕೊಡುತ್ತಾರೆ. ಉಳಿದದ್ದು ಮಾತಿನ ಚಿಕಿತ್ಸೆ. ಕಾಲೇಜಿಗೆ ಗೊತ್ತಾಗುತ್ತದೆ ಅನ್ನುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಯ ವಿಷಯ ಗುಟ್ಟಾಗಿ ಇಡಬೇಕು. ಅದೇ ಕಾಯ್ದೆ ವಿಮೆ ಕಂಪನಿಗಳಿಗೂ ಹೇಳಿದೆ, ದೈಹಿಕ ಕಾಯಿಲೆಗೆ ಕೊಡುವ ಹಾಗೆ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ.

ಸುರತ್ಕಲ್ ಅಕ್ಕ (ಶನಿವಾರ, ರಾತ್ರಿ 10.10)

ವೈದ್ಯರನ್ನು ಕಂಡು ಬಂದೆವು. ಖಿನ್ನತೆಯೂ ಇದೆ ಅಂದರು, ಔಷಧ ಶುರುವಾಗಿದೆ. ಆಪ್ತ ಸಮಾಲೋಚನೆಗೆ ಪ್ರತಿ ವಾರ ಹೋಗಬೇಕು. ಯುಪಿಐ ತೆಗೆಸಿದ್ದೇವೆ, ಅವನೇ ಬ್ಯಾಂಕಿಗೆ ಬಂದು ಸಹಿ ಹಾಕಿದ. ಸೈಬರ್ ಠಾಣೆಯಲ್ಲಿ ದೂರು ಕೊಟ್ಟೆವು. ರಾತ್ರಿ ಫೋನ್ ಅಜ್ಜಿಯ ಕೋಣೆಯಲ್ಲಿ. ಎರಡು ರಾತ್ರಿ ನಿದ್ದೆ ಬಾರದೆ ಒದ್ದಾಡಿದ, ಸಿಡುಕು ಇನ್ನೂ ಇದೆ.

ಒಂದೇ ಒಂದು ಉಳಿದಿದೆ. ಅಪ್ಪನಿಗೆ ಹೇಳುವುದಾ, ಬೇಡವಾ? ಅಮ್ಮ ಬೇಡ ಅನ್ನುತ್ತಾರೆ. ಅಷ್ಟು ದೂರದಲ್ಲಿ ಒಬ್ಬರೇ ಇದ್ದಾರೆ, ಬಿಪಿ ಇದೆ. ಬಳೆ ಸದ್ದಿಲ್ಲದೆ ಬಿಡಿಸಿ ತಂದರೆ ಮುಗಿಯಿತು ಅಂತ ಅಮ್ಮನ ಲೆಕ್ಕ.

ತೊಕ್ಕೊಟ್ಟಿನವ (ಶನಿವಾರ, ರಾತ್ರಿ 10.45)

ಹೇಳಿ ಅಕ್ಕ. ಮುಚ್ಚಿಟ್ಟರೆ ಅಮ್ಮ ಮತ್ತು ಮಗ ಒಂದು ಗುಟ್ಟಿಗೆ ಕಟ್ಟುಬೀಳುತ್ತಾರೆ. ಮುಂದಿನ ಸಲ ಅವನಿಗೆ ಆಸೆ ಎದ್ದಾಗ "ಅಮ್ಮ ಹೇಗೂ ಮುಚ್ಚುತ್ತಾರೆ" ಅಂತ ಗೊತ್ತಿರುತ್ತದೆ. ನನ್ನ ಮನೆಯಲ್ಲಿ ಅಪ್ಪನಿಗೆ ಹೇಳಿದ್ದು ಹೊರಗಿನವರು, ಅದು ತುಂಬಾ ಕೆಟ್ಟದಾಯಿತು. ನಿಮ್ಮಲ್ಲಿ ಅವನೇ ಹೇಳಲಿ.

ಮಣಿಪಾಲ ಮೇಡಂ (ಭಾನುವಾರ, ಬೆಳಿಗ್ಗೆ 7.30)

ನನ್ನದೂ ಅದೇ ಮಾತು. ಆದರೆ ಇವತ್ತೇ ಬೇಡ. ಎರಡು ಮೂರು ಭೇಟಿ ಆಗಲಿ, ಸಮಾಲೋಚಕರ ಜೊತೆ ಅವನು ಏನು ಹೇಳಬೇಕು ಅಂತ ತಯಾರಿ ಮಾಡಿಕೊಳ್ಳಲಿ. ಅಪ್ಪನಿಗೆ ಶುಕ್ರವಾರ ರಜೆ ಇದ್ದರೆ ಅವತ್ತು, ಅವರ ಊಟ ಆದ ಮೇಲೆ, ವಿಡಿಯೋ ಕಾಲ್. ನೀವು ಪಕ್ಕದಲ್ಲಿರಿ. ಬ್ಯಾಂಕ್ ಅಕ್ಕ 'ಬರೆಸಿ' ಅಂದ ಕಾಗದ ಕೈಯಲ್ಲಿರಲಿ. ಎಷ್ಟು ಹೋಯಿತು, ಎಷ್ಟು ಸಾಲ, ಯಾರಿಗೆ, ಈಗ ಏನೇನು ಮಾಡಿದ್ದೇವೆ, ಇಷ್ಟು ಹೇಳಲಿ. ಅಪ್ಪ ಸಿಟ್ಟು ಮಾಡಿಯೇ ಮಾಡುತ್ತಾರೆ, ಮಾಡಲಿ. ಆವತ್ತು ರಾತ್ರಿ ಮಾತ್ರ ಅವನನ್ನು ಒಬ್ಬನೇ ಬಿಡಬೇಡಿ. ಅಪ್ಪನ ಜೊತೆ ಮಸ್ಕತ್‌ನಲ್ಲಿ ನಂಬಿಕೆಯ ಊರಿನವರು ಯಾರಾದರೂ ಇದ್ದರೆ ಅವತ್ತು ಅವರ ರೂಮಿಗೆ ಹೋಗಿ ಇರಲು ಹೇಳಿ.

ಬಳೆ ಬಿಡಿಸುವ ದುಡ್ಡನ್ನು ಅಪ್ಪ ಪೂರ್ತಿ ಕೊಡುವುದು ಬೇಡ. ಅವನು ಓದಿನ ಜೊತೆ ಸಣ್ಣ ಕೆಲಸ ಮಾಡಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಅಮ್ಮನ ಕೈಗೆ ಕೊಡಲಿ. ಎಷ್ಟು ಕೆಲಸ ತಡೆದೀತು ಅಂತ ಡಾಕ್ಟರ ಹತ್ತಿರ ಕೇಳಿ, ಈಗಷ್ಟೇ ಔಷಧ ಶುರುವಾಗಿದೆ. ಹಾಜರಿ ವಿಷಯಕ್ಕೆ ಡಾಕ್ಟರ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ, ಕಾಯಿಲೆ ಯಾವುದು ಅಂತ ಅದರಲ್ಲಿ ಬಿಡಿಸಿ ಬರೆಯಬೇಕಾಗಿಲ್ಲ.